ಅಪ್ಪನನ್ನು ಕರ್ಕೊಂಡು ಸ್ವಂತ ಕಾರಲ್ಲಿ ಉಮ್ಲಿಂಗ್ ಲಾಗೆ ಹೋಗಬಹುದಾ?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ಲಡಾಖ್‌ಗೆ ಹೋಗೋಣ ಅಂತಿದ್ದೇವೆ. ನಾನು, ತಮ್ಮ, ಅಪ್ಪ. ಅಪ್ಪನಿಗೆ 66. ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು. ಶಿರಾಡಿ, ಚಾರ್ಮಾಡಿಯಲ್ಲೇ ಆಯಸ್ಸು ಸವೆಸಿದ್ದಾರೆ. ಯಾರೋ ಅಲ್ಲಿಯ ಗಡಿ ಹತ್ತಿರದ ಉಮ್ಲಿಂಗ್ ಲಾ (ಲಾ ಅಂದರೆ ಘಾಟಿ) ವಿಡಿಯೊ ತೋರಿಸಿದ್ದಾರೆ, ಅವತ್ತಿನಿಂದ ಒಂದೇ ಹಟ. "ಆ ರೋಡಲ್ಲಿ ಒಂದ್ಸಲ ಸ್ಟೇರಿಂಗ್ ಹಿಡೀಬೇಕು" ಅಂತಾರೆ.

ನಮ್ಮದು 1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟರ್ಬೊ ಇಲ್ಲ. ಅದು ಹತ್ತುತ್ತಾ? ಪರ್ಮಿಟ್ ಏನು ಬೇಕು? ಇಲ್ಲಿ ಹಾಸನದಿಂದಲೇ ಓಡಿಸಿಕೊಂಡು ಹೋಗಬೇಕಾ, ಇಲ್ಲ ಚಂಡೀಗಢದಲ್ಲಿ ಸೆಲ್ಫ್ ಡ್ರೈವ್ ಬಾಡಿಗೆ ಕಾರು ತಗೊಂಡರೆ ನಡೆಯುತ್ತಾ? ಅಪ್ಪ ಬಿಪಿ ಮಾತ್ರೆ ತಗೋತಾರೆ, ಬಿಟ್ಟರೆ ಗಟ್ಟಿಮುಟ್ಟಾಗಿದ್ದಾರೆ. ಹೋಗಿ ಬಂದವರು ಹೇಳಿ.

ಗೇರ್‌ಬಾಕ್ಸ್ ಗಣಪ
ಕಾರು ಹತ್ತುತ್ತದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಟರ್ಬೊ ಇಲ್ಲದ ಎಂಜಿನ್‌ಗೆ ಸಿಗುವ ಗಾಳಿ ಅರ್ಧ ಅಂದರೆ ಪವರ್ರೂ ಹೆಚ್ಚುಕಮ್ಮಿ ಅರ್ಧ. 80 ಕುದುರೆಯ ಗಾಡಿ 40 ಕುದುರೆಯದಾಗುತ್ತದೆ ಅಂದುಕೊಳ್ಳಿ. ಮೂರು ಜನ, ಕಡಿಮೆ ಲಗೇಜು ಅಂದರೆ ಫಸ್ಟು ಸೆಕೆಂಡಲ್ಲಿ ಆರಾಮಾಗಿ ಹೋಗುತ್ತದೆ. ಹಿಂದಿನ ಕಾಲದ ಕಾರ್ಬ್ಯುರೇಟರ್ ಗಾಡಿಗಳು ಮೇಲೆ ಹೋದಂತೆ ಪೆಟ್ರೋಲ್ ಜಾಸ್ತಿ ಕುಡಿದು ಕಪ್ಪು ಹೊಗೆ ಬಿಡುತ್ತಿದ್ದವು. ಈಗಿನ ಇಂಜೆಕ್ಷನ್ ಎಂಜಿನ್ ತಾನೇ ಲೆಕ್ಕ ಸರಿ ಮಾಡಿಕೊಳ್ಳುತ್ತದೆ.

ತಿರುವಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವಾಗ ಮಾತ್ರ ಕಷ್ಟ. ಆಗ ಹಾಫ್ ಕ್ಲಚ್ಚಲ್ಲಿ ಎಳೆದಾಡಿ ಕ್ಲಚ್ ಪ್ಲೇಟ್ ಸುಟ್ಟುಕೊಂಡವರು ಬಹಳ ಜನ. ಮೊದಲೇ ಗೇರ್ ಇಳಿಸಿ, ಎಂಜಿನ್ ಸ್ಪೀಡ್ ಬೀಳದಂತೆ ನೋಡಿಕೊಳ್ಳಿ.

ಬೆಣ್ಣೆದೋಸೆ ದಾವಣಗೆರೆ
ಕಾರಿನ ಮಾತು ಆಮೇಲೆ. ಅಪ್ಪ ಹತ್ತುತ್ತಾರಾ ಅಂತ ಕೇಳಿ ಗುರು.

ಬುಲೆಟ್ ಬಸ್ಯಾ
ಅಲ್ರೀ, ಶುರುವಿನಲ್ಲೇ ಯಾಕೆ ಹೆದರಿಸ್ತೀರಿ? ನಮ್ಮ ಹುಬ್ಬಳ್ಳಿ ಗುಂಪಿನಲ್ಲಿ 70 ದಾಟಿದ ಕಾಕಾ ಒಬ್ಬರು ಬೈಕಿನ ಮೇಲೇ ಬಂದಿದ್ದರು. ಮೇಲೆ ನಿಂತು ಚಹಾ ಕುಡಿದು ಇಳಿದರು. 25ರ ಜಿಮ್ ಹುಡುಗ ಮಾತ್ರ ಲೇಹ್‌ನಲ್ಲೇ ವಾಂತಿ ಮಾಡಿಕೊಂಡು ಮಲಗಿದ. ವಯಸ್ಸಿನ ಮಾತಲ್ಲ ಇದು.

ಸ್ಟೆತಸ್ಕೋಪ್
ಬಸ್ಯಾ ಅವರು ಹೇಳಿದ್ದರಲ್ಲಿ ಅರ್ಧ ನಿಜ. ಎತ್ತರದ ಕಾಯಿಲೆ ವಯಸ್ಸು, ಮೈಕಟ್ಟು ನೋಡಿ ಬರುವುದಿಲ್ಲ. ಎಷ್ಟು ಬೇಗ ಎಷ್ಟು ಮೇಲೆ ಹೋಗಿ ಮಲಗಿದಿರಿ ಅನ್ನುವುದರ ಮೇಲೆ ಬರುತ್ತದೆ. ಆದರೆ ಒಬ್ಬ ಕಾಕಾ ಚೆನ್ನಾಗಿದ್ದರು ಅಂತ ಎಲ್ಲ ಅಪ್ಪಂದಿರೂ ಚೆನ್ನಾಗಿರುತ್ತಾರೆ ಅಂತಲ್ಲವಲ್ಲ. 66ರಲ್ಲಿ, ಬಿಪಿ ಇರುವಾಗ, ಹೃದಯದಲ್ಲಿ ಮೊದಲೇ ಏನಾದರೂ ಅಡಗಿದ್ದರೆ ಅದು ಹೊರಬೀಳುವ ಜಾಗ ಅದು.

ಸುತ್ತಿ ಬಳಸದೆ ಹೇಳುತ್ತೇನೆ. ಹೊರಡುವ ಮೊದಲು ಫಿಜಿಷಿಯನ್‌ಗೆ ತೋರಿಸಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಅವರು ಹೇಳಿದರೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ. ಎತ್ತರದ ಕಾಯಿಲೆ ಬಾರದಿರಲಿ ಅಂತ ಡಯಾಮಾಕ್ಸ್ ಎಲ್ಲರೂ ಮೆಡಿಕಲ್ ಶಾಪಿನಲ್ಲಿ ಸುಮ್ನೆ ತಗೊಂಡು ನುಂಗುತ್ತಾರೆ. ಅದು ಮೂತ್ರ ಜಾಸ್ತಿ ಮಾಡುವ ಮಾತ್ರೆ. ಅಪ್ಪನ ಬಿಪಿ ಮಾತ್ರೆಯಲ್ಲೂ ಅಂಥದ್ದೇ ಇದ್ದರೆ? ಸಲ್ಫಾ ಔಷಧಿ ಒಗ್ಗದವರಾಗಿದ್ದರೆ? ಅದಕ್ಕೇ ಡಾಕ್ಟರನ್ನು ಕೇಳಿ ಅನ್ನುವುದು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅನ್ನುವುದು ನಾವು ಹೇಳುವ ಲೆಕ್ಕ. ಲೇಹ್ 3,500. ಉಮ್ಲಿಂಗ್ ಲಾಗೆ ಹೋಗುವ ಮೊದಲು ತಂಗುವ ಊರು ಹಾನ್ಲೆ ಸುಮಾರು 4,300. ಉಮ್ಲಿಂಗ್ ಲಾ 5,798. ನೇಪಾಳದ ಕಡೆಯ ಎವರೆಸ್ಟ್ ಬೇಸ್ ಕ್ಯಾಂಪ್ ಇರುವುದೇ 5,364ರಲ್ಲಿ. ಅಲ್ಲಿಗೆ ಜನ ವಾರಕ್ಕೂ ಹೆಚ್ಚು ದಿನ ನಡೆದು ಹೋಗುತ್ತಾರೆ. ನೀವು ಕಾರಲ್ಲಿ ಕೂತು ಅದಕ್ಕಿಂತ ಮೇಲೆ ಹೋಗುತ್ತಿದ್ದೀರಿ.

ಬುಲೆಟ್ ಬಸ್ಯಾ
ಡಾಕ್ಟ್ರೇ, ಹೀಗೆ ಹೇಳಿದರೆ ಯಾರೂ ಮನೆ ಬಿಟ್ಟು ಹೊರಡೋದೇ ಇಲ್ಲ. ಕೈಯಲ್ಲಿ ಆಕ್ಸಿಮೀಟರ್, ಬ್ಯಾಗಲ್ಲಿ ಆಕ್ಸಿಜನ್ ಕ್ಯಾನ್ ಇದ್ದರೆ ಸಾಕು.

ಸ್ಟೆತಸ್ಕೋಪ್
ಆ ಸ್ಪ್ರೇ ಡಬ್ಬಿಯ ಆಕ್ಸಿಜನ್ ಕೆಲವು ನಿಮಿಷಕ್ಕೆ ಮುಗಿದುಹೋಗುತ್ತದೆ. ಅದು ಧೈರ್ಯಕ್ಕೆ, ಚಿಕಿತ್ಸೆಗಲ್ಲ. ಒಯ್ಯುವುದಾದರೆ ಲೇಹ್‌ನಲ್ಲಿ ಬಾಡಿಗೆಗೆ ಸಿಗುವ ಸಿಲಿಂಡರ್, ಮಾಸ್ಕು, ರೆಗ್ಯುಲೇಟರ್ ಒಯ್ಯಿರಿ. ಆಕ್ಸಿಮೀಟರ್ ನಂಬರಿಗಿಂತ ಮನುಷ್ಯನನ್ನು ನೋಡಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ. ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಟ್ಟು ನೇರ ನಡೆಯಲು ಹೇಳಿ. ವಾಲಿದರೆ, ಕೇಳಿದ್ದಕ್ಕೆ ತಲೆಬುಡ ಇಲ್ಲದ ಉತ್ತರ ಕೊಟ್ಟರೆ ಅದು ಮಿದುಳಿನದು. ಎರಡಕ್ಕೂ ಮೊದಲ ಮದ್ದು ಒಂದೇ, ಕೆಳಗೆ ಇಳಿಯುವುದು. ಬೆಳಗಾಗಲಿ ಅಂತ ಕಾಯಬಾರದು.

ಕುಶಾಲನಗರದ ಕೂಸು
ಹಾನ್ಲೆ ಕಡೆಯ ಒಂದು ಅನುಕೂಲ ಯಾರೂ ಹೇಳಲಿಲ್ಲ. ಹಾನ್ಲೆಯಿಂದ ಲೋಮಾ, ನ್ಯೋಮಾ, ಮಾಹೆ, ಚುಮಥಾಂಗ್, ಉಪ್ಶಿ ಮೇಲೆ ಲೇಹ್‌ಗೆ ಬರುವ ರಸ್ತೆ ಸಿಂಧೂ ನದಿಯ ಜೊತೆಗೇ ಬರುತ್ತದೆ. ದಾರಿಯಲ್ಲಿ ದೊಡ್ಡ ಪಾಸ್ ದಾಟಬೇಕಿಲ್ಲ, ಇಳಿಯುತ್ತಲೇ ಬರಬಹುದು. ನುಬ್ರಾದಲ್ಲೋ ಪ್ಯಾಂಗಾಂಗ್‌ನಲ್ಲೋ ಹುಷಾರು ತಪ್ಪಿದರೆ ಲೇಹ್ ಆಸ್ಪತ್ರೆಗೆ ಬರಲು ಖರ್ದುಂಗ್ ಲಾ, ಚಾಂಗ್ ಲಾ ಹತ್ತಿ ಇಳಿಯಬೇಕು. ಆದರೆ ಹಾನ್ಲೆಯಿಂದಲೂ ಸುಮಾರು 250 ಕಿ.ಮೀ., ಇಡೀ ದಿನದ ದಾರಿ. ಇನ್ನು ಉಮ್ಲಿಂಗ್ ಲಾ ಮೇಲೆ ಹುಷಾರು ತಪ್ಪಿದರೆ ಹಾನ್ಲೆಗೆ ವಾಪಸ್ ಬರಲು ಮಧ್ಯೆ ಫೋಟಿ ಲಾ ಇದೆ. ಅದೂ 18,000 ಅಡಿಗೂ ಮೇಲೆ. ಇಳಿಯಬೇಕಾದವರು ಮತ್ತೆ ಹತ್ತಬೇಕು. ಈ ದಾರಿಯ ಕೆಟ್ಟ ಭಾಗ ಅದೇ.

ಹೋಗುವಾಗ ಚುಮಥಾಂಗ್‌ನಲ್ಲಿ ಒಂದು ರಾತ್ರಿ ತಂಗಿ. ಸುಮಾರು 4,000 ಮೀಟರ್. ಲೇಹ್‌ಗೂ ಹಾನ್ಲೆಗೂ ನಡುವಿನ ಮೆಟ್ಟಿಲು. ನೆಲದಿಂದ ಬಿಸಿನೀರು ಉಕ್ಕುತ್ತದೆ, ಪಕ್ಕದಲ್ಲೇ ಸಿಂಧೂ.

ಹೇಮಾವತಿ ದಂಡೆ
ಡಾಕ್ಟ್ರೇ, ಕೂಸು ಅವರೇ, ತುಂಬಾ ಥ್ಯಾಂಕ್ಸ್. ಫೋಟಿ ಲಾ ವಿಷಯ ಯಾವ ವಿಡಿಯೊದಲ್ಲೂ ಇರಲಿಲ್ಲ. ಬಾಡಿಗೆ ಕಾರಿನ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ.

ಗೇರ್‌ಬಾಕ್ಸ್ ಗಣಪ
ಬೇಡ. ಹೊರಗಿನ ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗಳನ್ನು ಲಡಾಖ್‌ನ ಟ್ಯಾಕ್ಸಿಯವರು ಒಳಗೆ ಓಡಾಡಲು ಬಿಡುವುದಿಲ್ಲ. ಅಲ್ಲಲ್ಲಿ ತಡೆದು ಆರ್‌ಸಿ ನೋಡುತ್ತಾರೆ. ಬೈಕ್‌ಗೂ ಅಷ್ಟೇ, ಮನಾಲಿಯಲ್ಲಿ ಬಾಡಿಗೆಗೆ ತಂದ ಬೈಕ್ ಲೇಹ್‌ನಲ್ಲಿ ಮೂಲೆಗಿಟ್ಟು ಅಲ್ಲಿಯ ಬೈಕ್ ತಗೋಬೇಕು. ಸ್ವಂತ ಹೆಸರಿನ ಗಾಡಿಗೆ ತೊಂದರೆ ಇಲ್ಲ. ಸ್ನೇಹಿತರ ಕಾರು ಒಯ್ದರೆ ಜಗಳಕ್ಕೆ ತಯಾರಾಗಿ ಹೋಗಿ.

ಬೆಣ್ಣೆದೋಸೆ ದಾವಣಗೆರೆ
ಅದು ದಾದಾಗಿರಿ ಅಲ್ವಾ? ಬೆಂಗಳೂರಿನಲ್ಲಿ ಹಾಗೆ ಮಾಡಿದರೆ ಸುಮ್ನೆ ಬಿಡ್ತಾರಾ?

ಕುಶಾಲನಗರದ ಕೂಸು
ಅವರಿಗೆ ದುಡಿಮೆ ಅಂತ ಇರುವುದೇ ವರ್ಷದಲ್ಲಿ ನಾಲ್ಕೈದು ತಿಂಗಳು. ಉಳಿದಾಗ ಹಿಮ. ಅಲ್ಲಿಯ ನೀರು ಕುಡಿದು, ಕಸ ಬಿಟ್ಟು, ಬಾಡಿಗೆ ದುಡ್ಡನ್ನು ಚಂಡೀಗಢಕ್ಕೆ ಕೊಟ್ಟು ಬಂದರೆ ಅವರಿಗೇನು ಸಿಕ್ಕಿತು? ಕೂರ್ಗಿನಲ್ಲಿ ನಾವೂ ಅದನ್ನೇ ಕೇಳುತ್ತೇವೆ.

ಡಲ್ಲಾಸ್ ಕನ್ನಡಿಗ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನ ಹತ್ತಿರ ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದೆ. ಡಿಸೆಂಬರಲ್ಲಿ ಊರಿಗೆ ಬಂದಾಗ ನಾನೂ ಹೋಗಬಹುದಾ?

ಮಾಜಿ ಹವಾಲ್ದಾರ್
ಒಸಿಐ ಅಂದರೆ ಈ ವಿಷಯದಲ್ಲಿ ವಿದೇಶಿಯರ ಲೆಕ್ಕ. ಸಂರಕ್ಷಿತ ಪ್ರದೇಶದ ಪರ್ಮಿಟ್ ಬೇಕು, ನೋಂದಾಯಿತ ಟ್ರಾವೆಲ್ ಏಜೆಂಟ್ ಮೂಲಕವೇ ಮಾಡಿಸಬೇಕು, ಅದೂ ಗಡಿಯ ಎಲ್ಲ ರಸ್ತೆಗೂ ಸಿಗುವುದಿಲ್ಲ. ಮತ್ತೆ ಡಿಸೆಂಬರಲ್ಲಿ ಅಲ್ಲೇನು ಮಾಡುತ್ತೀರಿ? ಡೀಸೆಲ್ಲೇ ಗಟ್ಟಿಯಾಗುವ ಚಳಿ. ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ಲಡಾಖ್‌ಗೆ ಬಂದದ್ದೇ 2019ರಲ್ಲಿ. ಅದಕ್ಕೂ ಮೊದಲು ಬೆಳಗ್ಗೆ ಟ್ಯಾಂಕಿನ ಕೆಳಗೆ ಬೆಂಕಿ ಹಿಡಿದು ಗಾಡಿ ಎಬ್ಬಿಸುತ್ತಿದ್ದವರು ನಾವು.

ಹಾಸನದವರಿಗೆ: ಭಾರತೀಯರಿಗೆ ಇನ್ನರ್ ಲೈನ್ ಪರ್ಮಿಟ್ 2021ರ ಆಗಸ್ಟ್‌ನಲ್ಲೇ ತೆಗೆದರು. ಪರಿಸರ ಶುಲ್ಕ ಕಟ್ಟಿದ ರಸೀದಿ, ಆಧಾರ್ ಇಟ್ಟುಕೊಳ್ಳಿ, ನಾಲ್ಕೈದು ಜೆರಾಕ್ಸ್ ಇರಲಿ. ಆದರೆ ಗಡಿಯಲ್ಲಿ ನಿಯಮ ಕಾಗದದ ಮೇಲೊಂದು, ಆವತ್ತಿನ ಪರಿಸ್ಥಿತಿಗೆ ತಕ್ಕಂತೆ ಇನ್ನೊಂದು. ಲೇಹ್‌ನ ಡಿಸಿ ಆಫೀಸಿನಲ್ಲಿ ಕೇಳಿಕೊಂಡೇ ಹೊರಡಿ. ಲೋಮಾ ಸೇತುವೆ ಹತ್ತಿರ ಚೆಕ್‌ಪೋಸ್ಟ್ ಇದೆ. ಅಲ್ಲಿನ ಹುಡುಗ "ಇವತ್ತು ಇಲ್ಲ" ಅಂದರೆ ಇಲ್ಲ. "ನಿನ್ನೆ ನನ್ನ ಫ್ರೆಂಡನ್ನು ಬಿಟ್ಟಿದ್ದೀರಲ್ಲ" ಅಂತ ವಾದ ಮಾಡಬೇಡಿ. ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೂ ಕೆಲವು ಇವೆ. ಡ್ರೋನ್ ಮನೆಯಲ್ಲೇ ಇರಲಿ. ಸ್ಯಾಟಲೈಟ್ ಫೋನು, ಚಾರಣಿಗರು ಇಟ್ಟುಕೊಳ್ಳುವ ಸ್ಯಾಟಲೈಟ್ ಮೆಸೇಜ್ ಡಬ್ಬಿ, ಎರಡೂ ದೂರಸಂಪರ್ಕ ಇಲಾಖೆ ಅನುಮತಿ ಇಲ್ಲದೆ ಅಪರಾಧ. ವಿದೇಶದಿಂದ ತಂದವರು ಪೊಲೀಸ್ ಸ್ಟೇಷನ್ ನೋಡಿದ್ದಾರೆ. ಪ್ರೀಪೇಯ್ಡ್ ಸಿಮ್ ಅಲ್ಲಿ ಸತ್ತಂತೆ. ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಅದೂ ಹಳ್ಳಿಗಳ ಹತ್ತಿರ ಸಿಕ್ಕರೆ ಸಿಕ್ಕಿತು.

ಸೇನೆಯ ಗಾಡಿ ಸಾಲು, ಬಂಕರ್, ಸೇತುವೆ, ಕ್ಯಾಂಪ್ ಫೋಟೊ ಬೇಡ. ಡ್ಯಾಶ್‌ಕ್ಯಾಮ್ ಇದ್ದರೆ ಲೋಮಾ ಬರುವ ಮೊದಲೇ ಆಫ್ ಮಾಡಿ.

ಬುಲೆಟ್ ಬಸ್ಯಾ
ಸರ್, ನಿಮ್ಮ ಸೇವೆಗೆ ಸೆಲ್ಯೂಟ್. ಆದರೆ ಅಷ್ಟು ಗುಟ್ಟು ಏನಿದೆ? ಚೀನಾದವರ ಉಪಗ್ರಹಕ್ಕೆ ಕಾಣದ್ದು ನನ್ನ ಮೊಬೈಲ್‌ನಲ್ಲಿ ಕಾಣುತ್ತಾ? ಯೂಟ್ಯೂಬ್ ತುಂಬಾ ಇದೆ.

ಮಾಜಿ ಹವಾಲ್ದಾರ್
ಉಪಗ್ರಹ ಮೇಲಿಂದ ಛಾವಣಿ ನೋಡುತ್ತದೆ. ನೀವು ರಸ್ತೆಯಲ್ಲಿ ನಿಂತು ಯಾವ ಯುನಿಟ್ಟಿನ ಗುರುತು, ಗಾಡಿ ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ಅಂತ ಹತ್ತಿರದಿಂದ ತೋರಿಸುತ್ತೀರಿ. ಜೊತೆಗೆ ಜಾಗದ ಗುರುತೂ ಅಂಟಿಸುತ್ತೀರಿ. ಸಾವಿರ ಜನ ಹಾಗೆ ಹಾಕಿದರೆ ಕೂಡಿಸುವವನಿಗೆ ಸುಲಭ.

ಆ ರಸ್ತೆ ನಿಮಗೋಸ್ಕರ ಮಾಡಿದ್ದಲ್ಲ ಬಸ್ಯಾ. ಚಿಸುಮ್ಲೆಯಿಂದ ಡೆಮ್ಚೋಕ್‌ಗೆ 52 ಕಿ.ಮೀ., ಗಡಿ ರಸ್ತೆ ಸಂಸ್ಥೆ ಬಿಆರ್‌ಓದವರ ಹಿಮಾಂಕ್ ಪ್ರಾಜೆಕ್ಟ್. ಡೆಮ್ಚೋಕ್ ಅಂದರೆ ಎರಡೂ ಕಡೆಯವರು ನಮ್ಮದು ಅನ್ನುವ ಜಾಗ. ಅಲ್ಲಿ, ದೆಪ್ಸಾಂಗ್‌ನಲ್ಲಿ ಗಸ್ತು ಮತ್ತೆ ಶುರು ಮಾಡುವ ಒಪ್ಪಂದ ಆದದ್ದೇ 2024ರ ಅಕ್ಟೋಬರ್‌ನಲ್ಲಿ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಹುತಾತ್ಮರಾದರು. ಪ್ರವಾಸಿಗಳು ಬರಲಿ, ಹಳ್ಳಿಯವರಿಗೆ ನಾಲ್ಕು ಕಾಸು ಸಿಗಲಿ, ಬೇಡ ಅನ್ನುವುದಿಲ್ಲ. ಕೈ ಮಾತ್ರ ಜೇಬಿನಲ್ಲಿರಲಿ.

ಬುಲೆಟ್ ಬಸ್ಯಾ
ಆಯ್ತು ಸರ್. ಒಪ್ಪಿದೆ. ವಿಶ್ವದ ಅತಿ ಎತ್ತರದ ರಸ್ತೆ ಅನ್ನೋ ಬೋರ್ಡಿನ ಜೊತೆ ಫೋಟೊ ತೆಗೆದುಕೊಳ್ಳಬಹುದಲ್ವಾ?

ಲೆಕ್ಕದ ಮೇಷ್ಟ್ರು
ಆ ಬೋರ್ಡು ಈಗ ಹಳೆಯದು. ಉಮ್ಲಿಂಗ್ ಲಾ 19,024 ಅಡಿ, 2021ರಲ್ಲಿ ಗಿನ್ನೆಸ್ ಸರ್ಟಿಫಿಕೇಟ್ ಸಿಕ್ಕಿತು. ಅದಕ್ಕೂ ಮುಂಚಿನ ದಾಖಲೆ ಬೊಲಿವಿಯಾದ ಉತುರುಂಕು ಜ್ವಾಲಾಮುಖಿಯ ರಸ್ತೆಯದು, 18,953 ಅಡಿ. 2025ರ ಅಕ್ಟೋಬರ್‌ನಲ್ಲಿ ಬಿಆರ್‌ಓದವರೇ ಲಿಕಾರು–ಫುಕ್ಚೆ ರಸ್ತೆಯಲ್ಲಿ ಮಿಗ್ ಲಾ ತಲುಪಿದರು, 19,400 ಅಡಿ. ತಮ್ಮ ದಾಖಲೆ ತಾವೇ ಮುರಿದರು.

ಖರ್ದುಂಗ್ ಲಾದಲ್ಲಿ 18,380 ಅಡಿ ಅಂತ ಬೋರ್ಡ್ ಹಾಕಿ, ಟೀಶರ್ಟ್ ಮಾರಿ, ಎಷ್ಟೋ ವರ್ಷ ಜನ ನಂಬಿಕೊಂಡಿದ್ದರು. ಜಿಪಿಎಸ್ ಹಿಡಿದು ಅಳೆದರೆ 17,582. ಎಂಟುನೂರು ಅಡಿ ಗಾಳಿಯಲ್ಲಿ!

ಬೆಣ್ಣೆದೋಸೆ ದಾವಣಗೆರೆ
ನನ್ನ ಹತ್ತಿರ ಆ ಟೀಶರ್ಟ್ ಇದೆ ಮೇಷ್ಟ್ರೇ. ವಾಪಸ್ ತಗೋತಾರಾ?

ಹೊಸಕೋಟೆ ಹುಡುಗಿ
ಎಲ್ಲರೂ ಉಮ್ಲಿಂಗ್ ಲಾ ಉಮ್ಲಿಂಗ್ ಲಾ ಅಂತೀರಿ. ಹಾನ್ಲೆ ನೋಡದೆ ಬರಬೇಡಿ. ಅಲ್ಲಿ ಗುಡ್ಡದ ತುದಿಯಲ್ಲಿ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ, ಎರಡು ಮೀಟರ್ ಕನ್ನಡಿ, 4,500 ಮೀಟರ್ ಎತ್ತರ. ಅದನ್ನು ನಡೆಸುವುದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ! ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರ ಕ್ಯಾಂಪಸ್ ಇದೆ ಇಲ್ಲಿ. ವಿಜ್ಞಾನಿಗಳು ರಾತ್ರಿ ಇಲ್ಲಿ ಕೂತು ಉಪಗ್ರಹದ ಸಂಪರ್ಕದಲ್ಲಿ ಅಲ್ಲಿಯ ದೂರದರ್ಶಕ ತಿರುಗಿಸುತ್ತಾರೆ. ನಾವು ಇತ್ತ ಲಾರಿ ಹಾರ್ನ್ ಕೇಳಿಕೊಂಡು ಮಲಗಿರುತ್ತೇವೆ.

ಗಾಡಿ ಓಡಿಸುವವರಿಗೆ ಮುಖ್ಯವಾದ ಮಾತು. 2022ರ ಡಿಸೆಂಬರ್‌ನಿಂದ ಅದು ಕತ್ತಲೆ ಕಾಪಾಡುವ ಪ್ರದೇಶ. ರಾತ್ರಿ ಹೈ ಬೀಮ್ ಹಾಕಬಾರದು. ಬಿಳಿ ಎಲ್‌ಇಡಿ ಪಟ್ಟಿ, ಫಾಗ್ ಲ್ಯಾಂಪ್ ಶೋಕಿ ನಡೆಯುವುದಿಲ್ಲ. ಹೋಮ್‌ಸ್ಟೇಗಳಲ್ಲಿ ಕಿಟಕಿಗೆ ದಪ್ಪ ಪರದೆ. ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ. ಹಳ್ಳಿಯವರಲ್ಲೇ ಕೆಲವರಿಗೆ ಸಂಸ್ಥೆಯವರು ತರಬೇತಿ ಕೊಟ್ಟು ಟೆಲಿಸ್ಕೋಪ್ ಕೊಟ್ಟಿದ್ದಾರೆ, ಅವರೇ ಅಂಗಳದಲ್ಲಿ ಇಟ್ಟು ಶನಿಯ ಬಳೆ ತೋರಿಸುತ್ತಾರೆ.

ಅಮಾವಾಸ್ಯೆ ಆಚೀಚೆ ಬರುವ ಹಾಗೆ ದಿನ ನೋಡಿಕೊಳ್ಳಿ. ಹುಣ್ಣಿಮೆಗೆ ಹೋಗಿ ಆಕಾಶಗಂಗೆ ಕಾಣಲಿಲ್ಲ ಅಂತ ಅಲ್ಲಿಯವರನ್ನು ಬೈದವರನ್ನು ನೋಡಿದ್ದೇನೆ.

ಸ್ಟೆತಸ್ಕೋಪ್
ನನ್ನ ಸಲಹೆಯೂ ಅದೇ. ಹಾನ್ಲೆಯಲ್ಲಿ ಎರಡು ರಾತ್ರಿ ಕಳೆಯಲಿ. ಅಪ್ಪ ಚೆನ್ನಾಗಿ ನಿದ್ದೆ ಮಾಡಿ, ಊಟ ಸೇರಿ, ತಲೆನೋವಿಲ್ಲ ಅಂದರೆ ಮೂರನೇ ಬೆಳಗ್ಗೆ ಮೇಲಕ್ಕೆ. ಇಲ್ಲಾಂದರೆ ಅಲ್ಲಿಂದಲೇ ವಾಪಸ್. ಈ ತೀರ್ಮಾನ ಹಾಸನದಲ್ಲಿ ಕೂತು ಮಾಡುವಂಥದ್ದಲ್ಲ.

ಅವಲಕ್ಕಿ ಅಮ್ಮ
ಊಟದ ವಿಷಯ ಬಂತಲ್ಲ, ಅದಕ್ಕೆ ಬರೆದೆ. ಹಾನ್ಲೆಯಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದಂತೆ, ನಮ್ಮ ಮಗ ಹೇಳಿದ. ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಕುಕ್ಕರ್ ಬೇಕೇ ಬೇಕು. ಅಪ್ಪನಿಗೆ ಬೆಳಗ್ಗೆ ಎಣ್ಣೆ ಪರಾಠ ಸೇರಲ್ಲ ಅಂದರೆ ಗೊಜ್ಜವಲಕ್ಕಿ ಪುಡಿ ಮಾಡಿ ಒಯ್ಯಿರಿ, ಬಿಸಿನೀರು ಚಿಮುಕಿಸಿದರೆ ಆಯಿತು. ಚಟ್ನಿಪುಡಿ ಪ್ಯಾಕೆಟ್ ಮೇಲೆ ಹೋಗುತ್ತಾ ಬಲೂನಿನ ಹಾಗೆ ಉಬ್ಬಿ ಪಟ್ ಅಂತ ಒಡೆಯುತ್ತದೆ. ಡಬ್ಬಿಗೆ ಹಾಕಿ.

ಗೇರ್‌ಬಾಕ್ಸ್ ಗಣಪ
ಅಮ್ಮ ಹೇಳಿದ ಪ್ಯಾಕೆಟ್ ಕಥೆಯೇ ಟೈರಿಗೂ. ಹೊರಗಿನ ಒತ್ತಡ ಇಳಿದಂತೆ ಗೇಜ್ ಜಾಸ್ತಿ ತೋರಿಸುತ್ತದೆ, ಚಳಿ ಅದನ್ನು ಸ್ವಲ್ಪ ಇಳಿಸುತ್ತದೆ. ಹಾಸನದಲ್ಲಿ ತುಂಬಿಸಿದ ಗಾಳಿ ನಂಬಿಕೊಂಡು ಹೋಗಬೇಡಿ. ಲೇಹ್‌ನಲ್ಲಿ ಬೆಳಗ್ಗೆ ಟೈರ್ ತಣ್ಣಗಿದ್ದಾಗ ನೋಡಿ ಸರಿ ಮಾಡಿಸಿ. ಸ್ಟೆಪ್ನಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಲೇಹ್‌ನಲ್ಲಿ ಇಲ್ಲಾ ದಾರಿಯಲ್ಲಿ ಸಿಗುವ ಕಾರು ಅನ್ನುವ ಊರಿನಲ್ಲಿ ಪೆಟ್ರೋಲ್ ಟ್ಯಾಂಕ್ ಫುಲ್ ಮಾಡಿಸಿ. ಕೂಲೆಂಟ್ ಬದಲಿಗೆ ಬರೀ ನೀರು ಹಾಕಿ ಓಡಿಸುವ ಅಭ್ಯಾಸ ಇದ್ದರೆ ಈಗಲೇ ಬಿಡಿ, ರಾತ್ರಿ ಹೆಪ್ಪುಗಟ್ಟಿ ರೇಡಿಯೇಟರ್ ಒಡೆಯುತ್ತದೆ.

ಹೇಮಾವತಿ ದಂಡೆ
ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಎಕೋ ಮಾಡಿಸಲು ಒಪ್ಪಿದರು, ಅದೇ ದೊಡ್ಡ ವಿಷಯ. ಈಗ ಅವರ ಪ್ರಶ್ನೆ: ಮನಾಲಿ ದಾರಿಯೋ, ಶ್ರೀನಗರದ ದಾರಿಯೋ?

ಕುಶಾಲನಗರದ ಕೂಸು
ಹೋಗುವಾಗ ಶ್ರೀನಗರ, ಕಣ್ಣು ಮುಚ್ಚಿ. ಶ್ರೀನಗರ 1,600 ಮೀಟರ್, ಕಾರ್ಗಿಲ್ 2,700, ಆಮೇಲೆ ಲೇಹ್. ಮೈ ಒಗ್ಗಿಕೊಳ್ಳುತ್ತದೆ. ಮನಾಲಿ ಕಡೆ ಅಟಲ್ ಸುರಂಗ ಆದ ಮೇಲೆ ಇನ್ನೂ ಬೇಗ ಮೇಲೆ ಹೋಗಿಬಿಡುತ್ತೀರಿ. ಸರ್ಚುವಿನಲ್ಲಿ 4,300 ಮೀಟರ್ ಮೇಲೆ ಮಲಗುವ ಮೊದಲ ರಾತ್ರಿ ಎಷ್ಟೋ ಜನರ ಪ್ರವಾಸ ಮುಗಿಸಿದೆ.

ಶ್ರೀನಗರದಿಂದ ಹೋದರೆ ಜೋಜಿ ಲಾ ಸಿಗುತ್ತದೆ. ಅಪ್ಪ ಡ್ರೈವರ್ ಅಂದಿರಲ್ಲ, ಇದನ್ನು ಹೇಳಿ. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು ನಮ್ಮ ಮಡಿಕೇರಿಯ ಮೇಜರ್ ಜನರಲ್ ತಿಮ್ಮಯ್ಯ ಅದೇ ಘಾಟಿ ಮೇಲೆ ಯುದ್ಧದ ಟ್ಯಾಂಕ್ ಹತ್ತಿಸಿದರು. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಶತ್ರುಗಳಿಗೆ ಸುಳಿವು ಸಿಗಬಾರದು ಅಂತ ಮೇಲಿನ ಗೋಪುರ ಬಿಚ್ಚಿ, ಮುಚ್ಚಿ, ರಾತ್ರಿ ಹೊತ್ತು ಸಾಗಿಸಿದ್ದರು. 11,500 ಅಡಿ ಮೇಲೆ, ಹಿಮದಲ್ಲಿ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಲೇಹ್ ಉಳಿಯಿತು.

ಮಾಜಿ ಹವಾಲ್ದಾರ್
ಕೂಸು, ಭೇಷ್.

ಬುಲೆಟ್ ಬಸ್ಯಾ
ಹಾನ್ಲೆಯಿಂದ ಮುಂದೆ ಬಯಲು ಸಿಕ್ಕಾಗ ರಸ್ತೆ ಬಿಟ್ಟು ಸ್ವಲ್ಪ ಓಡಿಸಿ ನೋಡಿ, ಮಜಾ ಇರುತ್ತದೆ.

ಹೊಸಕೋಟೆ ಹುಡುಗಿ
ದಯವಿಟ್ಟು ಬೇಡ. ಅದು ಚಾಂಗ್‌ಥಾಂಗ್ ವನ್ಯಧಾಮ. ಆ ಬಯಲಿನ ಹುಲ್ಲು ಬೆರಳುದ್ದ ಬೆಳೆಯಲು ಎಷ್ಟು ಕಾಲ ಬೇಕೋ. ಚಕ್ರದ ಗುರುತು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಚಾಂಗ್ಪಾ ಜನರ ಪಶ್ಮೀನಾ ಮೇಕೆಗಳಿಗೆ ಅದೇ ಮೇವು. ಕಿಯಾಂಗ್ ಕಾಡುಕತ್ತೆಗಳನ್ನು ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗಿ ವಿಡಿಯೊ ಮಾಡುವವರೂ ಇದ್ದಾರೆ. ಆ ಗಾಳಿಯಲ್ಲಿ ಅವು ಓಡಿ ಓಡಿ ಸುಸ್ತಾಗುತ್ತವೆ, ನೀವು ಆಕ್ಸಿಲರೇಟರ್ ತುಳಿದಿರುತ್ತೀರಿ ಅಷ್ಟೇ.

ಬುಲೆಟ್ ಬಸ್ಯಾ
ಎಲ್ಲದಕ್ಕೂ ಬೇಡ ಬೇಡ. ಹೋಗೋದಾದರೂ ಯಾಕೆ ಮತ್ತೆ?

ಲೆಕ್ಕದ ಮೇಷ್ಟ್ರು
ಅದನ್ನೇ ನಾನೂ ಕೇಳಬೇಕು ಅಂತಿದ್ದೆ. ಮೇಲೆ ಒಂದು ಬೋರ್ಡು, ಗಾಳಿ, ಹತ್ತು ನಿಮಿಷ. ಅಷ್ಟಕ್ಕೆ ಹಾಸನದಿಂದ 3,000 ಕಿ.ಮೀ. ಮೇಲೆ ದಾರಿ.

ಗೇರ್‌ಬಾಕ್ಸ್ ಗಣಪ
ಮೇಷ್ಟ್ರೇ, ಡ್ರೈವರ್‌ಗಳಿಗೆ ಆ ಪ್ರಶ್ನೆ ಕೇಳಬಾರದು. ರಸ್ತೆ ಮಾಡಿದವರನ್ನು ನೋಡಲಿಕ್ಕಾದರೂ ಹೋಗಬೇಕು. ಜಾರ್ಖಂಡ್‌ನ ದುಮ್ಕಾ ಕಡೆಯಿಂದ ಬಂದ ಕೂಲಿಗಳು ಬಿಆರ್‌ಓ ಕೆಲಸದಲ್ಲಿ ತುಂಬಾ ಜನ. ಟಾರ್ ಡ್ರಮ್ ಪಕ್ಕ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಸಲಿಕೆ ಹಿಡಿದು ನಿಂತಿರುತ್ತಾರೆ. ನಾವು ಕಾರಿಂದ ಇಳಿದು ಡಿಕ್ಕಿ ತೆಗೆಯುವಷ್ಟರಲ್ಲಿ ಏದುಸಿರು ಬಿಡುವ ಜಾಗದಲ್ಲಿ ಅವರು ದಿನವಿಡೀ ಕಲ್ಲು ಹೊರುತ್ತಾರೆ. ನಿಧಾನ ಮಾಡಿ, ಧೂಳು ಎಬ್ಬಿಸಬೇಡಿ. ಬಿಸ್ಕತ್ತು, ನೀರು ಜಾಸ್ತಿ ಇದ್ದರೆ ಕೊಡಿ.

ಹೇಮಾವತಿ ದಂಡೆ
ಎಕೋ ರಿಪೋರ್ಟ್ ಚೆನ್ನಾಗಿ ಬಂತು. ಡಾಕ್ಟರ್ ಒಂದು ಮಾತ್ರೆ ಬದಲಾಯಿಸಿದ್ದಾರೆ, ಎರಡು ವಾರ ನೋಡಿ ಹೇಳುತ್ತೇನೆ ಅಂದಿದ್ದಾರೆ. ಅಪ್ಪ ಅಷ್ಟರಲ್ಲೇ ಹಳೇ ಖಾಕಿ ಸ್ವೆಟರ್ ಹುಡುಕಿ ತೆಗೆದಿಟ್ಟುಕೊಂಡಿದ್ದಾರೆ. ಗಣಪ ಅವರಿಗೆ ಒಂದು ಪ್ರಶ್ನೆ ಕೇಳು ಅಂದರು: ಫೋಟಿ ಲಾ ಇಳಿಯುವಾಗ ಸೆಕೆಂಡ್ ಗೇರ್ ಸಾಕಾ, ಅರ್ಧ ಪವರ್ ಇರುವ ಎಂಜಿನ್ ಗಾಡಿಯನ್ನು ಹಿಡಿಯುತ್ತಾ?

ಗೇರ್‌ಬಾಕ್ಸ್ ಗಣಪ
ಒಳ್ಳೇ ಪ್ರಶ್ನೆ ಸರ್, ಇದನ್ನು ಯಾರೂ ಕೇಳುವುದಿಲ್ಲ. ತೆಳು ಗಾಳಿಯಲ್ಲಿ ಎಂಜಿನ್ ಹಿಡಿತವೂ ಸ್ವಲ್ಪ ಕಮ್ಮಿ. ಸೆಕೆಂಡಲ್ಲಿ ಓಡುತ್ತಿದೆ ಅನ್ನಿಸಿದರೆ ಫಸ್ಟಿಗೆ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ, ಒತ್ತಿ ಬಿಡಿ. ಬೆಳಗ್ಗೆ ನೆರಳಿರುವ ತಿರುವಿನಲ್ಲಿ ಕಣ್ಣಿಗೆ ಕಾಣದ ಐಸ್ ಇರಬಹುದು, ಅಲ್ಲಿ ಬ್ರೇಕೂ ಬೇಡ, ಸ್ಟೇರಿಂಗ್ ಜೋರಾಗಿ ತಿರುಗಿಸುವುದೂ ಬೇಡ.

ಹೇಮಾವತಿ ದಂಡೆ
ಓದಿ ಹೇಳಿದೆ. "ಐಸ್ ಒಂದು ಹೊಸದು, ಉಳಿದದ್ದು ಶಿರಾಡಿ ಮಳೆಗಾಲ" ಅಂದರು. ತಮ್ಮನಿಗೆ ಹಿಂದಿನ ಸೀಟಂತೆ.